ನಾಲ್ಕನೇ ನಂಬರಿನ ಎಡೆ

"ಏನೇ ಬೋಳಿಮುಂಡೆ, ಚಾರ್ಜ್ ಹಾಕೋ ಜಾಗ್ದಲ್ಲಿ ಬಾಡೂಟ ಬಡಿಸಿದ್ದೀಯಾ? ಕಾರು ಮುದ್ದೆ ತಿಂತದೇನೇ?"

ನರಸಿಂಹರಾಜು ಬೂಟುಗಾಲಲ್ಲಿ ಎಲೆ ಒದ್ದ. ಮುದ್ದೆ ಉರುಳಿ ನಾಲ್ಕನೇ ನಂಬರಿನ ಕಾರಿನ ಟೈರಿಗೆ ತಾಗಿ ನಿಂತಿತು. ಬಾಡಿನ ಸಾರು ಹಳದಿ ಗೆರೆ ದಾಟಿ ಹರಿಯಿತು.

ಹನುಮಕ್ಕ ಬಗ್ಗಿ ಎಲೆಯನ್ನು ಸರಿಮಾಡತೊಡಗಿದಳು. ಬಲಸಮುದ್ರದ ತನ್ನ ಈ ಹೊಲವನ್ನು ರಾಜು ಬಾಡಿಗೆ ಕಾರಿನ ಕಂಪನಿಗೆ ಗುತ್ತಿಗೆ ಕೊಟ್ಟು ಎರಡು ವರ್ಷ. ಕರೆಂಟಿನಲ್ಲಿ ಓಡುವ ಹನ್ನೆರಡು ಬಿಳಿ ಕಾರು, ಹನ್ನೆರಡು ಚಾರ್ಜರು, ಮೇಲೊಂದು ತಗಡಿನ ಚಾವಣಿ. ಬಂದ ಕಾರು ತೊಳೆದು, ವೈರಿನ ತುದಿಯ ಗನ್ನು ಚುಚ್ಚುವುದು ಅವಳ ಕೂಲಿ. ದಿನವಿಡೀ ಗನ್ನು ಹಿಡಿದಿರುತ್ತಿದ್ದ ಈ ಹೆಂಗಸಿಗೆ ಹೆದರುವವರು ಮಾತ್ರ ಯಾರೂ ಇರಲಿಲ್ಲ.

ನಾಲ್ಕನೇ ನಂಬರಿನ ಕೆಳಗೆ ಅವಳ ಗಂಡ ಕದರಪ್ಪ ಇದ್ದ.

ಕೇರಿಯವರಿಗೆ ಸುಡುಗಾಡಿಲ್ಲ, ದುಡಿದ ಹೊಲದ ಬದುವಿನಲ್ಲೇ ಮಣ್ಣು. ರಾಜುವಿನ ಆಳಾಗಿದ್ದ ಅವನಿಗೂ ಇಲ್ಲೇ. ಕಾಂಕ್ರೀಟು ಹಾಕುವ ದಿನ "ಇಲ್ಲಿ ನಮ್ಮೋನವ್ನೆ ಸ್ವಾಮಿ" ಅಂದಿದ್ದಳು. "ಗುರುತೇನದೆ?" ಅಂದಿದ್ದ ರಾಜು. ಗುರುತಿನ ಕಲ್ಲನ್ನು ಬೆಳಿಗ್ಗೆಯೇ ಜೆಸಿಬಿ ಗೋರಿಕೊಂಡು ಹೋಗಿತ್ತು. ಅಂದು ಬಾಂಡ್ಲಿ ಹೊತ್ತವರಲ್ಲಿ ಅವಳೂ ಒಬ್ಬಳು. ಗಂಡನ ಮೇಲೆ ತಾನೇ ಕಾಂಕ್ರೀಟು ಸುರಿದಳು.

ಅಂದಿನಿಂದ ಆ ಚಾರ್ಜರು ಗುಂಯ್ ಅಂದಾಗಲೆಲ್ಲ ಅವಳಿಗೆ ಅವನ ಉಸಿರು ಕೇಳುತ್ತಿತ್ತು. ಉಳಿದ ಹನ್ನೊಂದೂ ಒಂದೇ ರಾಗ ಎಳೆದರೆ ಇದು ನಡುವೆ ತಡೆದು, ಎದೆಯಲ್ಲೇನೋ ಸಿಕ್ಕಂತೆ ಕೆಮ್ಮಿ, ಮತ್ತೆ ಎಳೆಯುತ್ತಿತ್ತು. ಹೋದ ವರ್ಷ ಬೇಲಿಯಾಚೆ ಎಡೆ ಇಟ್ಟಳು, ಕಾಗೆ ಮುಟ್ಟಲಿಲ್ಲ. ಆ ಕೆಮ್ಮು ಮನೆಯವರೆಗೂ ಹಿಂದೆಯೇ ಬಂತು. ಹಸಿದವನ ಕೆಮ್ಮು. ಇವತ್ತು ಪಿತೃಪಕ್ಷದ ಅಮಾವಾಸ್ಯೆ. ಇವತ್ತು ಉಣ್ಣದಿದ್ದರೆ ಅವನು ಇನ್ನೊಂದು ವರ್ಷ ಹಸಿದೇ ಮಲಗಬೇಕು.

"ಹನುಮಕ್ಕ, ಪ್ಲೀಸ್ ಕ್ಲೀನ್ ಮಾಡ್ಬಿಡಿ," ಅಂದ ಮ್ಯಾನೇಜರ್ ಕಿರಣ್ ಕುಮಾರ್, ಮೊಬೈಲಿನಿಂದ ಕಣ್ಣೆತ್ತದೆ. "ಸೋಲಾರ್ ಪಾರ್ಕ್ ನೋಡೋಕೆ ಗೆಸ್ಟ್‌ಗಳು ಬರ್ತಿದ್ದಾರೆ. ಅರ್ಧ ಗಂಟೇಲಿ ಎಲ್ಲಾ ಕಾರೂ ಫುಲ್ ಆಗ್ಬೇಕು."

"ಫಿನಾಯಿಲ್ ಹಾಕಿ ತೊಳಿಯೇ," ಅಂದ ರಾಜು. "ಸತ್ತೋನು ಉಣ್ತಾನಂತೆ! ಇದ್ದಾಗ್ಲೇ ನೆಟ್ಟಗೆ ಉಣ್ಣಲಿಲ್ಲ ಆ ನನ್ಮಗ."

ಹನುಮಕ್ಕನ ಕೈ ನಿಂತಿತು. ಮುದ್ದೆ ಎತ್ತಿ, ಮರಳು ಒರೆಸಿ, ಎಲೆಯ ಮೇಲಿಟ್ಟಳು. ಎಲ್ಲ ಚಾರ್ಜರಿನ ಕರೆಂಟು ಕಡಿಯುವ ಕೆಂಪು ಗುಂಡಿಯ ಕಂಬದತ್ತ ನೇರ ನಡೆದಳು. ಬೆಂಕಿ ಬಿದ್ದರೆ ಮಾತ್ರ ಒತ್ತಬೇಕೆಂದು ಹೇಳಿಕೊಟ್ಟಿದ್ದರು. ಒತ್ತಿದಳು.

ಹನ್ನೆರಡು ಹಸಿರು ದೀಪಗಳು ಒಟ್ಟಿಗೆ ಕಣ್ಣು ಮುಚ್ಚಿದವು.

"ಅಮ್ಮಾ, ಅದನ್ನ ತಿರುಗಿಸಿ, ವಾಪಸ್ ಬರುತ್ತೆ!" ಕಿರಣ್ ಕುಮಾರ್ ಓಡಿ ಬಂದ.

ಅವಳು ಗುಂಡಿಗೆ ಬೆನ್ನು ಆನಿಸಿ ನಿಂತಳು. "ಎಳೀರಿ ನನ್ನ. ಮುಟ್ಟಿ ಎಳೀರಿ."

ಕಿರಣ್ ಕುಮಾರ್ ಮೇಲಿದ್ದ ಕ್ಯಾಮೆರಾ ನೋಡಿ ಕೈ ಹಿಂದೆಗೆದ. ರಾಜು ಎರಡು ಹೆಜ್ಜೆ ಬಂದವನು ತಡೆದು ನಿಂತ. ಮನೆಯಲ್ಲಿ ಅವನ ಹಿರಿಯರ ಎಡೆಯೂ ಕಾದಿತ್ತು. ಬೂಟಿಗೆ ಮೈಲಿಗೆಯಿಲ್ಲ, ಕೈಗೆ ಉಂಟು.

"ಏನ್ ಬೇಕೇ ನಿಂಗೆ, ಬೇವರ್ಸಿ?"

"ಅವುನ್ನ ಉಣ್ಣಾಕೆ ಕರೀರಿ ಸ್ವಾಮಿ. ಬೆಳಗ್ಗಿಂದ ನಾನ್ ಕರೆದು ಸಾಕಾತು. ನಿಮ್ ಗಂಟ್ಲಿಗೇ ಅವ್ನು ಏಳಾದು. ಅವ್ನು ಗಂಗಾಳದ ಮುಂದೆ ಕುಂತಾಗ್ಲೆಲ್ಲ ನೀವು ಕೂಗ್ತಿರ್ಲಿಲ್ವಾ, ಇಂಗೆ..."

ಎದೆ ಮುಂದೆ ಮಾಡಿ, ಸೊಂಟಕ್ಕೆ ಕೈಯಿಟ್ಟು, ಕ್ಯಾಕರಿಸಿ ಕೂಗಿದಳು:

"ಒರೇ ಕದ್ರಿಗಾ! ತಿಂದಿದ್ ಸಾಕು, ಕೆಲ್ಸಕ್ಕೆ ರಾರಾ!"

ಕೇರಿಯನ್ನು ನಗಿಸಲು ಕದರಪ್ಪ ಮಾಡುತ್ತಿದ್ದ ರಾಜುವಿನ ಅಣಕು. ಅದೇ ಮೂಗಿನ ರಾಗ, ಕೊನೆಯಲ್ಲಿ ಅದೇ ಎಳೆತ. ತನ್ನದೇ ದನಿ ಕೇಳಿ ರಾಜು ಬೆಚ್ಚಿ ಹಿಂದೆ ತಿರುಗಿದ. ಯಾರೂ ನಗಲಿಲ್ಲ.

"ಅರ್ಧ ಮುದ್ದೇಲಿ ಕೈ ತೊಳ್ಕಂಡು ಓಡೋನು. ಇಪ್ಪತ್ ವರ್ಸ. ಇವತ್ತೊಂದ್ ಕಿತ ಉಣ್ಣಾಕೆ ಕೂಗಿ. 'ಕದರಪ್ಪಾ, ಉಣ್ಣು ಬಾರಪ್ಪಾ' ಅಂತ."

ಗೇಟಿನಲ್ಲಿ ಗೆಸ್ಟುಗಳ ಬಸ್ಸು ಹಾರ್ನ್ ಹೊಡೆಯಿತು.

"ಕರೆದ್ಬಿಡಿ ಸಾರ್," ಪಿಸುಗುಟ್ಟಿದ ಕಿರಣ್ ಕುಮಾರ್.

ರಾಜು ಬಾಯಿ ತೆರೆದ. ಹೆಸರು ಹೊರಡುವ ಮೊದಲೇ, ಕರೆಂಟು ಸತ್ತ ನಾಲ್ಕನೇ ನಂಬರಿನ ಕೆಳಗೆ ಯಾರೋ ಎದೆ ತುಂಬ ಕೆಮ್ಮಿದರು. ತೆರೆದ ಬಾಯಿ ಹಾಗೇ ಇದ್ದು, ಅವನ ಕಣ್ಣು ಮೆಲ್ಲಗೆ ನೆಲಕ್ಕಿಳಿಯಿತು.