ಸೋಮವಾರದ ನಿಜ

ಡೆಕ್ಲನ್‌ಗೆ ನಾಲ್ಕು ಜನರನ್ನು ನಗಿಸುವ ಚಟವಿತ್ತು. ಐರ್ಲೆಂಡಿನಿಂದ ಫ್ರಾನ್ಸಿನ ಬ್ರಿಟನಿ ಪ್ರಾಂತದ ಈ ಪುಟ್ಟ ಊರಿಗೆ ಹುಡುಗರಿಗೆ ಇಂಗ್ಲಿಷ್ ಕಲಿಸಲು ಬಂದ ಮೊದಲ ವರ್ಷವೆಲ್ಲ ಸ್ಟಾಫ್ ರೂಮಿನಲ್ಲಿ ಪೆದ್ದನ ಹಾಗೆ ನಿಂತಿದ್ದ. ಫ್ರೆಂಚ್ ಮೇಷ್ಟರುಗಳ ಜೋಕು ಅವನಿಗೆ ಅರ್ಥವಾಗುವಷ್ಟರಲ್ಲಿ ನಗು ಮುಗಿದಿರುತ್ತಿತ್ತು. ಆಮೇಲೆ ಒಂದು ದಾರಿ ಕಂಡುಕೊಂಡ: ಹುಡುಗರು ಕ್ಲಾಸಿನಲ್ಲಿ ಹೇಳಿದ್ದನ್ನು ಅವರದೇ ಧಾಟಿಯಲ್ಲಿ ಒಪ್ಪಿಸಿದರೆ ಸಾಕು, ಕಾಫಿ ಕಪ್ಪು ಹಿಡಿದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಹಾಗೆ ಹೇಳಿಸುವುದು ಪ್ರತಿ ಸೋಮವಾರ. ಪುಸ್ತಕ ಮುಚ್ಚಿಸಿ, ವಾರದ ರಜೆಯಲ್ಲಿ ಏನು ಮಾಡಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದ. "ತಪ್ಪಾದ್ರೂ ಪರವಾಗಿಲ್ಲ, ಮಾತಾಡ್ರೋ. ಇಲ್ಲಿ ಆಡಿದ್ದು ಈ ಬಾಗಿಲು ದಾಟಲ್ಲ," ಎಂದು ಮಾತು ಕೊಟ್ಟಿದ್ದ. ಫ್ರೆಂಚಿನಲ್ಲಿ ಕಣ್ಣು ಮಿಟುಕಿಸದೆ ಸುಳ್ಳು ಹೊಸೆಯುವ ಆ ಪುಂಡರು ಇಂಗ್ಲಿಷಿನಲ್ಲಿ ಮಾತ್ರ ಸತ್ಯವಂತರು. ಸುಳ್ಳು ಹೇಳಬೇಕಾದರೆ ಭಾಷೆ ಚೆನ್ನಾಗಿ ಬರಬೇಕಲ್ಲ! ಇವರಿಗೆ ನಿಜ ಹೇಳುವಷ್ಟು ಮಾತ್ರ ಬರುತ್ತಿತ್ತು.

ಅಂಥ ಒಂದು ಸೋಮವಾರ ಎರ್ವಾನ್ ಎದ್ದು ನಿಂತ. ಅಪ್ಪ ಅಮ್ಮ ಇಲ್ಲದೆ ತಾತನ ಹೊಲದಲ್ಲಿ ಬೆಳೆಯುತ್ತಿದ್ದ ಹದಿನಾಲ್ಕರ ಹುಡುಗ; ಬಾಯಿ ಬಿಡುವುದೇ ಅಪರೂಪ.

"ತಾತಂಗೆ ಕಣ್ಣು ಮಂಜು," ಎಂದ, ಒಂದೊಂದೇ ಪದ ಹುಡುಕುತ್ತ. "ಶನಿವಾರ ಸಂತೆಗೆ ನಾನೇ ವ್ಯಾನ್ ಓಡಿಸ್ತೀನಿ. ಕೋಸು, ಈರುಳ್ಳಿ. ತಾತ ಪಕ್ಕದಲ್ಲಿ ಕೂತು ಬೈತಾರೆ."

ಡೆಕ್ಲನ್ ಚಪ್ಪಾಳೆ ತಟ್ಟಿದ. ಅವನಿಗೆ ಕೇಳಿಸಿದ್ದು ಬರೀ ಇಂಗ್ಲಿಷ್. ಹದಿನಾಲ್ಕರ ಹುಡುಗ ವ್ಯಾನ್ ಓಡಿಸುವುದು ಕಾನೂನಿಗೆ ವಿರುದ್ಧ ಎಂಬುದು ಮೇಷ್ಟರ ತಲೆಗೆ ಹೊಳೆಯಲೇ ಇಲ್ಲ.

ಆ ಬೆಳಿಗ್ಗೆಯೇ ಸ್ಟಾಫ್ ರೂಮಿನಲ್ಲಿ ಅವನು ಸ್ಟೀರಿಂಗ್ ಮೇಲೆ ಕತ್ತು ಚಾಚಿದ ಹುಡುಗನೂ ಆದ, ಕಣ್ಣು ಕಿರಿದು ಮಾಡಿ ಬೈಯುವ ಮುದುಕನೂ ಆದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಫಿಗೆಂದು ಬಂದಿದ್ದ ಪ್ರಿನ್ಸಿಪಾಲ್ ಮೇಡಂ ಮಾತ್ರ ನಗಲಿಲ್ಲ.

"ಯಾರ್ರೀ ಆ ಹುಡುಗ?" ಎಂದರು.

ಡೆಕ್ಲನ್ ಹೆಸರು ಹೇಳಿಬಿಟ್ಟ. ಇಂಥದ್ದು ಕಿವಿಗೆ ಬಿದ್ದ ಮೇಲೆ ಅವರು ಮೇಲಿನವರಿಗೆ ತಿಳಿಸದೆ ಇರುವಂತಿಲ್ಲ, ತಿಳಿಸಿದರು. ಪೊಲೀಸರು ಬಂದು ವ್ಯಾನಿನ ಕೀಲಿ ಕೊಂಡೊಯ್ದರು. ಮಕ್ಕಳ ಇಲಾಖೆಯವರು ಬಂದು ಮನೆ ನೋಡಿದರು. ಕೊನೆಗೆ ನ್ಯಾಯಾಧೀಶರು, ಕಣ್ಣು ಕಾಣದ ತಾತನ ಬಳಿ ಹುಡುಗ ಇರುವುದು ಬೇಡ, ರೆನ್ ಪಟ್ಟಣದ ಒಂದು ಸಂಸಾರದ ಜೊತೆ ಇರಲಿ ಎಂದರು.

"ಒಳ್ಳೇದೇ ಆಯ್ತು ಬಿಡಿ, ಯಾರಿಗಾದ್ರೂ ಗುದ್ದಿದ್ರೆ?" ಎಂದರು ಜೊತೆಯವರು. ಅದೇನೋ ನಿಜ. ಆದರೆ ಡೆಕ್ಲನ್ ಯಾರ ಒಳ್ಳೆಯದಕ್ಕೂ ಬಾಯಿ ಬಿಟ್ಟಿರಲಿಲ್ಲ, ನಗುವಿಗಾಗಿ ಬಿಟ್ಟಿದ್ದ. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಹುಡುಗ ರೆನ್‌ಗೆ ಹೊರಡುವ ಮುಂಚಿನ ಭಾನುವಾರ ಕ್ಷಮೆ ಕೇಳೋಣವೆಂದು ಹೊಲದ ಮನೆಗೆ ಹೋದ. ತಾತ ಲ್ಯೂಸಿಯೆನ್ ಎರಡೂ ಕೈ ಹಿಡಿದು ಕೂರಿಸಿದ.

"ಬನ್ನಿ ಮೇಷ್ಟ್ರೇ, ಬನ್ನಿ! ನಮ್ಮ ಹುಡುಗನ ಬಾಯಲ್ಲಿ ಯಾವಾಗ್ಲೂ ನಿಮ್ಮದೇ ಮಾತು." ಸೇಬಿನ ಮದ್ಯ ಬಗ್ಗಿಸಿಕೊಟ್ಟು, ಕಿಟಕಿಯಾಚೆಯ ಮನೆಯತ್ತ ಬೆರಳು ಮಾಡಿದ. "ಆ ಗಾಸ್ತೋನ್ ಇದಾನಲ್ಲ, ಜೊತೇಲಿ ಚಡ್ಡಿ ಹಾಕಿ ಬೆಳೆದವನು, ಅವನೇ ಪೊಲೀಸರಿಗೆ ಚಾಡಿ ಹೇಳಿದ್ದು. ಎರ್ವಾನೇ ಹೇಳಿದ ನಂಗೆ. ಇನ್ಮೇಲೆ ತರಕಾರಿ ಸಂತೆಗೆ ನಾನು ಒಯ್ತೀನಿ ಅಂತ ನಿನ್ನೆ ಬಂದಿದ್ದ ಆ ಕಳ್ಳ. ಮುಖಕ್ಕೆ ಬಾಗಿಲು ಹಾಕ್ದೆ."

ಡೆಕ್ಲನ್ ಕೈಯಲ್ಲಿದ್ದ ಲೋಟ ಮೇಲೇರಲಿಲ್ಲ. ಬ್ರೆಡ್ ಕೊಯ್ಯುತ್ತಿದ್ದ ಎರ್ವಾನ್ ತಲೆ ಎತ್ತದೆ, ತಾತನಿಗೆ ಗೊತ್ತಾಗದ ಹಾಗೆ ಇಂಗ್ಲಿಷಿನಲ್ಲಿ ಹೇಳಿದ:

"ಸುಮ್ನಿರಿ ಸರ್. ಹೇಳಿದ್ದು ನೀವೇ ಅಂತ ನಂಗೊತ್ತು. ತಾತಂಗೆ ನೀವಂದ್ರೆ ಇಷ್ಟ. ನಾನು ಹೋದ್ಮೇಲೆ ಆಗಾಗ ಬಂದು ಮಾತಾಡಿಸ್ಕೊಂಡು ಹೋಗಿ. ಬಾಗ್ಲು ಹಾಕಿದ್ದಕ್ಕೆ ಗಾಸ್ತೋನ್ ತಾತಂಗೆ ಬಂದಿರೋ ಕೋಪ ಹೇಗೂ ಇಳಿಯುತ್ತೆ."

ಅಷ್ಟು ಉದ್ದದ ಮಾತು ಅವನು ಎಂದೂ ಆಡಿರಲಿಲ್ಲ. ಡೆಕ್ಲನ್‌ಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು. ಏನೂ ಮಾಡದ ಗಾಸ್ತೋನನ ತಲೆಗೆ ತನ್ನ ತಪ್ಪು ಕಟ್ಟಿ, ಇಲ್ಲಿ ಕೂತು ಸತ್ಕಾರ ಮಾಡಿಸಿಕೊಳ್ಳುವುದೇ?

"ಗಾಸ್ತೋನ್ ಅಲ್ಲ," ಎಂದ ಫ್ರೆಂಚಿನಲ್ಲಿ. "ಬಾಯಿ ಬಿಟ್ಟೋನು ನಾನು. ಸ್ಟಾಫ್ ರೂಮಲ್ಲಿ, ತಮಾಷೆಗೆ."

ಮುದುಕ ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಕಾದ. ಮುದುಕ ಅವನ ಕಡೆ ತಿರುಗಲೂ ಇಲ್ಲ. ಮಂಜುಗಣ್ಣು ಹುಡುಗನಿದ್ದ ದಿಕ್ಕಿನಲ್ಲೇ ನೆಟ್ಟಿತ್ತು.

"ನಂಗೆ ಸುಳ್ಳು ಹೇಳಿದ್ಯೇನೋ? ನನಗೆ?"

ತಾತ ಬಾಟಲಿಗೆ ಬಿರಡೆ ಒತ್ತಿ, ಗೋಡೆ ತಡವುತ್ತ ಹೊರಗೆ ಹೋದ. ಅಂಗಳ ದಾಟಿ ಗಾಸ್ತೋನನ ಬಾಗಿಲು ಬಡಿಯುವುದು ಕೇಳಿಸಿತು.

"ಕ್ಷಮಿಸೋ ಎರ್ವಾನ್," ಎಂದ ಡೆಕ್ಲನ್. "ನಿಜ ಹೇಳ್ದೆ ಇರೋಕೆ ಆಗ್ಲಿಲ್ಲ."

ಹುಡುಗ ಚಾಕು ಕೆಳಗಿಟ್ಟ. ಈ ಸಲ ಮಾತಾಡಿದ್ದು ಫ್ರೆಂಚಿನಲ್ಲಿ, ತಡವರಿಸದೆ.

"ನೀವೇನೋ ಹೇಳಿ ಹಗುರ ಆದ್ರಿ, ಸರ್. ನಾನು ನಾಡಿದ್ದು ಹೋಗ್ಬೇಕು. ತಾತನ ಪಾಲಿಗೆ ಸುಳ್ಳುಗಾರ ಆಗಿ ಹೋಗ್ತೀನಿ."