ನೀಲವ್ವನಿಗೆ ಹಾನಗಲ್ಲಿನಲ್ಲೊಂದು ಮನೆ

ಸವಣೂರಿನ ಬಸ್ಸಿನಿಂದ ಶಿಗ್ಗಾಂವಿಯಲ್ಲಿ ಇಳಿದು ದಿಲ್ಶಾದ ಮನೆಗೆ ಬಂದಾಗ ಅಜ್ಜಪ್ಪನವರು ಪಡಸಾಲೆಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ಟ್ಯಾಬು ಇಟ್ಟುಕೊಂಡು ಕೂತಿದ್ದರು. ಮಧ್ಯಾಹ್ನದ ರೊಟ್ಟಿ ತಾಟಿನಲ್ಲಿ ಹಾಗೆಯೇ ಒಣಗಿತ್ತು.

ದಿಲ್ಶಾದ ಬಂಧುವಲ್ಲ, ಬಳಗವಲ್ಲ. ಅಜ್ಜಪ್ಪನವರ ಹೆಂಡತಿ ಫಕ್ಕೀರವ್ವ ಡಯಾಲಿಸಿಸ್‌ಗೆಂದು ಸವಣೂರಿಗೆ ಹೋಗುತ್ತಿದ್ದ ಕಾಲದಲ್ಲಿ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವಳು ದಿಲ್ಶಾದಳ ಅತ್ತೆ. ಮೈಯ ರಕ್ತವೆಲ್ಲ ಯಂತ್ರ ಸುತ್ತಿ ಬರುವ ತನಕ ಹೊತ್ತು ಹೋಗಬೇಕಲ್ಲ. ದಿಲ್ಶಾದ ತಾನು ಟ್ಯಾಬಿನಲ್ಲಿ ಆಡುತ್ತಿದ್ದ ಆಟವನ್ನು ಫಕ್ಕೀರವ್ವನಿಗೂ ಕಲಿಸಿದಳು.

ಪ್ರಾಣಿಗಳಿಗೆ ಮನೆ ಕಟ್ಟಿಕೊಟ್ಟು, ಅವುಗಳ ಕಷ್ಟಸುಖ ನೋಡಿಕೊಳ್ಳುವ ಆಟ ಅದು. ಅದರಲ್ಲಿ ನಾಲ್ಕು ಸೀಮೆಗಳು. ಗುಡ್ಡದ ಸೀಮೆಗೆ ಫಕ್ಕೀರವ್ವ ಹಿರೇಕೆರೂರು ಎಂದು ಹೆಸರಿಟ್ಟಳು. ಬಯಲಿಗೆ ಶಿಗ್ಗಾಂವಿ ಎಂದು. ಕೆರೆ ಇದ್ದುದಕ್ಕೆ ತನ್ನ ತವರಾದ ಹಾನಗಲ್ಲು ಎಂದು. ದೊಡ್ಡ ಮರವಿದ್ದ ಸೀಮೆಗೆ ಸವಣೂರು ಎಂದು. ತನ್ನ ಮನೆಯನ್ನು ಸವಣೂರಿನಲ್ಲೇ ಕಟ್ಟಿಕೊಂಡಳು. ‘ಖರೇ ಬಾಳೂ ಈಗ ಅಲ್ಲೇ ನಡದೈತಿ’ ಎಂದು ನಕ್ಕಿದ್ದಳು.

ಆಟದೊಳಗೆ ಅವಳದೊಂದು ಗೊಂಬೆ ಇತ್ತು. ಬಿಳಿಯ ತುರುಬು, ಹಸಿರು ಅಂಗಿ. ಸೀರೆ ಸಿಕ್ಕಿರಲಿಲ್ಲ. ಅವಳು ಲಿಂಗೈಕ್ಯಳಾದ ಮೇಲೂ ಗೊಂಬೆ ಅಲ್ಲಿಯೇ ಇತ್ತು. ಯಾರೂ ಮುಟ್ಟದಿದ್ದರೆ ಮರದ ಬುಡದಲ್ಲಿ ಕೂತು ಆಕಳಿಸುತ್ತಿತ್ತು. ಅಜ್ಜಪ್ಪನವರು ಸಂಜೆಯ ಪೂಜೆ ಮುಗಿಸಿ ದಿನಾ ಅದನ್ನು ನೋಡುತ್ತ ಕೂಡುತ್ತಿದ್ದರು. ಆಡುತ್ತಿರಲಿಲ್ಲ.

ಈಗ ಆಟದವರು ಆ ಸವಣೂರಿನ ಸೀಮೆಯನ್ನು ಮುಚ್ಚುವುದಾಗಿ ತಿಳಿಸಿದ್ದರು. ಐತವಾರ ಸಂಜೆ ಆರರೊಳಗೆ ಅಲ್ಲಿದ್ದವರನ್ನೆಲ್ಲ ಬೇರೆ ಸೀಮೆಗೆ ಕರೆದೊಯ್ಯಬೇಕು. ಆಚೆ ಮನೆ ಸಿಗದವರು, ಗಡಿ ದಾಟಿ ಹೋಗಿದ್ದರೂ, ಸೀಮೆಯೊಡನೆ ಅಳಿಸಿಹೋಗುತ್ತಾರೆ. ಕರೆದೊಯ್ಯಲು ಆಚೆ ಕಡೆ ಮೊದಲು ಮನೆ ಕಟ್ಟಬೇಕು, ದಿನಕ್ಕೆ ಒಂದೇ ಮನೆ ಏಳುತ್ತದೆ. ಇದನ್ನೆಲ್ಲ ದಿಲ್ಶಾದ ಹಿಂದಿನ ಐತವಾರವೇ ಬಂದು ತೋರಿಸಿಕೊಟ್ಟು ಹೋಗಿದ್ದಳು. ಇವತ್ತು ಕೊನೆಯ ದಿನ.

“ಎಲ್ಲಾರೂ ಹೋದ್ರೇನ್ರಿ ಕಾಕಾ?”

“ಮಂಗ್ಯಾ ಹಿರೇಕೆರೂರಿಗೆ ಹೋತು. ಮೊಲಾ ಹಾನಗಲ್ಲಿಗೆ. ಟಗರು ಶಿಗ್ಗಾಂವಿಗೆ ಬಂತು; ಬಂದಾಗಿಂದ ಮಾರಿ ಉಬ್ಬಿಸ್ಕೊಂಡು ಕುಂತೈತಿ.”

“ಯಾರನ್ನ ನೋಡಿ ಕಲ್ತೈತೋ ಏನೋ,” ಎನ್ನುತ್ತ ದಿಲ್ಶಾದ ಟ್ಯಾಬು ತೆಗೆದುಕೊಂಡಳು. ನೋಡುತ್ತ ನೋಡುತ್ತ ಅವಳ ನಗೆ ನಿಂತಿತು. ಸವಣೂರಿನಲ್ಲಿ ಇನ್ನೂ ಇಬ್ಬರು ಉಳಿದಿದ್ದರು: ಫಕ್ಕೀರವ್ವನ ಗೊಂಬೆ ಮತ್ತು ನೀಲವ್ವ ಎಂಬ ಮುದಿ ಆಮೆ. ಖಾಲಿ ಮನೆ ಮಾತ್ರ ಒಂದೇ ಒಂದು, ಹಾನಗಲ್ಲಿನಲ್ಲಿ.

“ಮಂಗಳವಾರ ಯಾಕ ಏನೂ ಮಾಡಿಲ್ರಿ? ಶುಕ್ರವಾರನೂ ಇಲ್ಲ.”

“ಮಂಗಳವಾರ ಶುಕ್ರವಾರ ಹೆಣ್ಮಕ್ಕಳನ್ನ ಮನಿ ಬಿಟ್ಟು ಕಳಸ್ತಾರೇನವಾ?”

“ಕಾಕಾ, ಅದು ಆಮಿ.”

“ಹೆಣ್ಣಾಮಿ.”

“ಕಳಸೂದು ಬ್ಯಾಡ್ರಿ, ಮನೀನರ ಕಟ್ಟಬೌದಿತ್ತು. ನಿನ್ನೆ ಏನಾಗಿತ್ತು?”

“ನಿನ್ನೆ ಅಮಾಸಿ. ಅಮಾಸಿ ದಿನಾ ಬುನಾದಿ ಹಾಕಿದ ಮನ್ಯಾಗ ಯಾರು ಬಾಳ್ವಿ ಮಾಡ್ಯಾರ? ಇವತ್ತಿಂದು ಕಟ್ಟೇನಿ, ಅದ ಆ ಖಾಲಿ ಮನಿ. ಅದು ನೀಲವ್ವಗ. ನಿಮ್ಮ ಕಾಕಿ ಯಜಮಾನ್ತಿ ಅಲ್ಲೇನು, ಆಕಿ ಮನಿ ತನ್ನಿಂದ ತಾನ ಬರತೈತಿ ಅಂತ ತಿಳದಿದ್ದೆ.”

“ಬರೂದಿಲ್ರಿ. ಹೇಳಿದ್ದೆ ನಾ. ಆಕಿಗೂ ಒಂದು ಮನಿ ಬೇಕು. ಇಲ್ಲಾಂದ್ರ ಆ ಗೊಂಬಿ ಹೋಗತೈತಿ. ಆಮ್ಯಾಲೆ ಆಟ ಹೊಸಾ ಹೆಸರು, ಹೊಸಾ ಮಾರಿ ಮಾಡ್ರಿ ಅಂತ ಕೇಳತೈತಿ.”

“ಹೇಳಿರಬೇಕು. ಇತ್ತಿತ್ಲಾಗ ಕಿವ್ಯಾಗ ಬಿದ್ದದ್ದು ತಲಿಗೆ ಮುಟ್ಟೂದಿಲ್ಲ.”

ದಿಲ್ಶಾದ ಬೈಯಬೇಕೆಂದು ಬಾಯಿ ತೆರೆದವಳು, ಅವರ ಮುಖ ನೋಡಿ ಒಣಗಿದ ರೊಟ್ಟಿಯ ತಾಟನ್ನು ಆಚೆ ಸರಿಸಿದಳು. ಆಮೇಲೆ ಮೆಲ್ಲಗೆ, “ಕಾಕೀನ್ನ ಒಯ್ರಿ. ಆಮಿದೇನು, ಅಂಥಾವು ಆಟದಾಗ ಮತ್ತ ಬರತಾವ,” ಎಂದಳು.

ಅಜ್ಜಪ್ಪನವರ ಜೀವವೂ ಅದನ್ನೇ ಬೇಡುತ್ತಿತ್ತು. ನಾಳೆ ಸಂಜೆ ಪೂಜೆ ಮುಗಿಸಿ ವಿಭೂತಿ ಗಟ್ಟಿ, ಬಟ್ಟಲುಗಳನ್ನೆಲ್ಲ ಗೂಡಿನಲ್ಲಿಟ್ಟು ಬಂದ ಮೇಲೆ ಕಣ್ಣು ಎಲ್ಲಿಗೆ ಹೋಗಬೇಕು? ಹಸಿರು ಅಂಗಿ ಇಲ್ಲದ ಆ ಹೊತ್ತನ್ನು ಅವರು ನೆನೆಯಲಾರದೆ ಹೋದರು. ಬೆರಳು ಗೊಂಬೆಯ ಮೇಲೆ ಹೋಯಿತು. ಗೊಂಬೆ ಎದ್ದು ಎರಡು ಹೆಜ್ಜೆ ಇಟ್ಟಿತು. ಆಮೆಯೂ ಎದ್ದು, ಎಲ್ಲಿಗೆ ಎತ್ತ ಎಂದು ಕೇಳದೆ, ಅದರ ಬೆನ್ನು ಹತ್ತಿತು.

ಅಜ್ಜಪ್ಪನವರು ಬೆರಳು ತೆಗೆದರು. ನಂಬಿ ಬಂದದ್ದನ್ನು ಹೊರಗೆ ಬಿಟ್ಟು, ತಾನು ಒಳಗೆ ಹೋಗಿ ಅಗುಳಿ ಹಾಕಿಕೊಂಡವಳಲ್ಲ ಫಕ್ಕೀರವ್ವ. ಇದ್ದಾಗ ಮಾಡದ ಕೆಲಸವನ್ನು, ಇಲ್ಲವಾದ ಮೇಲೆ ಅವಳ ಕೈಯಿಂದ ಮಾಡಿಸುವುದು ಹೇಗೆ? ಅವಳನ್ನು ಸಮಾಧಿಯಲ್ಲಿ ಕೂಡಿಸಿ ಮಣ್ಣು ಕೊಟ್ಟಾಗಿದೆ. ಶಿವನು ಒಯ್ದವಳನ್ನು ಈ ಗಾಜಿನೊಳಗೆ ಹಿಡಿದಿಟ್ಟುಕೊಳ್ಳುವುದಕ್ಕಾಗಿ ಇನ್ನೊಂದು ಜೀವವನ್ನು ಬೀದಿಗೆ ಬಿಡಬೇಕೆ?

“ಆಮಿನ್ನ ಕರಕೊಂಡು ಹೋಗೋಣು,” ಎಂದರು.

“ಇನ್ನೊಮ್ಮೆ ಇಚಾರ ಮಾಡ್ರಿ. ಆಮ್ಯಾಲೆ ನನ್ನ ಬೈಬ್ಯಾಡ್ರಿ.”

“ಬೈಯಾಕರ ತ್ರಾಣ ಎಲ್ಲೈತಿ ಯವ್ವಾ.”

ಗೊಂಬೆ ಮುಂದೆ, ಆಮೆ ಹಿಂದೆ. ಗೊಂಬೆ ಸ್ವಲ್ಪ ದೂರ ಹೋದರೆ ಆಮೆ ನಿಂತುಬಿಡುವುದು. ಗೊಂಬೆ ತಿರುಗಿ ಬಂದು ಪಕ್ಕದಲ್ಲಿ ನಿಂತರೆ ಮತ್ತೆ ಕಾಲು ತೆಗೆಯುವುದು. ಕೊನೆಕೊನೆಗೆ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಫಕ್ಕೀರವ್ವ ಹೀಗೆಯೇ ಹಿಂದುಳಿಯುತ್ತಿದ್ದಳು, ಬಸ್ಸು ತಪ್ಪುತ್ತದೆಂದು ಇವರು ಮುಂದೆ ಓಡುತ್ತಿದ್ದರು. ಈಗ ಓಡುವ ಹಾಗಿರಲಿಲ್ಲ. ಸೀಮೆಯ ಗಡಿ ದಾಟುವಷ್ಟರಲ್ಲಿ ಅವರ ಹೆಬ್ಬೆರಳು ಜೋಮು ಹಿಡಿದಿತ್ತು. ದಿಲ್ಶಾದ ಗಡಿಯಾರ ನೋಡುತ್ತ, “ಬರ್ರಿ ನೀಲವ್ವಾರ, ಲಗೂ ಬರ್ರಿ, ನಿಮ್ಮ ಸಲುವಾಗಿ ನನ್ನ ಬಸ್ಸೂ ಹೋತು,” ಎಂದು ಗೊಣಗುತ್ತಿದ್ದಳು.

ಹಾನಗಲ್ಲಿನ ಕೆರೆ ಬಂತು. ಖಾಲಿ ಮನೆಯ ಬಾಗಿಲಿಗೆ ಆಮೆ ಹೋಯಿತು, ಒಳಹೊಕ್ಕಿತು. ಹೊರಗೆ ನಿಂತ ಗೊಂಬೆ ಅದಕ್ಕೆ ಕೈ ಬೀಸಿತು. ಹಾಗೆ ಬೀಸಬೇಕೆಂದು ಯಾರೂ ಒತ್ತಿರಲಿಲ್ಲ, ಆಟವೇ ಹಾಗೆ.

ಅಜ್ಜಪ್ಪನವರು ಗೊಂಬೆಯನ್ನು ಕೆರೆಯ ದಂಡೆಯಲ್ಲಿ ಕೂಡಿಸಿದರು. ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡು, ತುಟಿಯಲ್ಲಿ ಶಿವನಾಮ ಹೇಳುತ್ತ ನೋಡುತ್ತ ಕೂತರು. ಗೊಂಬೆ ಒಮ್ಮೆ ಆಕಳಿಸಿತು. ಆರು ಹೊಡೆಯಿತು. ಕೆರೆ ಇತ್ತು, ದಂಡೆ ಇತ್ತು, ಗೊಂಬೆ ಇರಲಿಲ್ಲ.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡಿತು. “ಹೆಸರು ಕೇಳತೈತ್ರಿ,” ಎಂದಳು ದಿಲ್ಶಾದ.

“ಸಾಕವಾ ಈ ಆಟಾ. ಮುಚ್ಚಿಬಿಡು.”

“ಮುಚ್ಚಿದ್ರ ಅವಕ್ಕ ನೀರು ನಿಡಿ ನೋಡವರು ಯಾರ್ರಿ?”

ಅವರು ಪರದೆಯಲ್ಲಿ ನೀಲವ್ವನ ಬಾಗಿಲಿನ ಕಡೆ ನೋಡಿದರು. “ನನ್ನ ಹೆಸರ ಬರಿ,” ಎಂದರು ಕೊನೆಗೆ. “ಮಾರಿ ಯಾವುದರ ಹಾಕು.”

ಬೋಳುತಲೆಯ, ಗಿಡ್ಡ ಗೊಂಬೆಯೊಂದು ಕೆರೆಯ ದಂಡೆಯಲ್ಲಿ ಎದ್ದು ನಿಂತಿತು. ದಿಲ್ಶಾದ ಅದನ್ನು ನೀಲವ್ವನ ಬಾಗಿಲಿಗೆ ನಡೆಸಿದಳು. ಆಮೆ ಕತ್ತು ಹೊರಗೆ ಚಾಚಿ, ಮೇಲಿಂದ ಕೆಳಗೆ ನೋಡಿತು. ಅದರ ಮಾತನ್ನು ದಿಲ್ಶಾದ ಕನ್ನಡ ಮಾಡಿ ಹೇಳಿದಳು.

“‘ನಿಮ್ಮನ್ನ ಎಲ್ಲೂ ನೋಡಿಲ್ಲ. ಈ ಊರಿಗೆ ಹೊಸಬರೇನು?’ ಅಂತ ಕೇಳತೈತಿ ಕಾಕಾ. ಏನು ಹೇಳ್ಲಿ?”

ಅಜ್ಜಪ್ಪನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು.

“ಹೌದು ಅನ್ನು. ಇವತ್ತ ಬಂದೇನಿ ಅನ್ನು.”