ಒಳಗುಳಿದವಳು

"ಅಣ್ಣಂದಿರೆಲ್ಲ ಬಂದ್ರಾ?"

ಠಾಣಾಧಿಕಾರಿ ಯಾರನ್ನೂ ನೋಡದೆ, ಹೊಗೆಯನ್ನೇ ಕೇಳಿದ ಹಾಗೆ ಕೇಳಿದರು. ಉರಿಯುವ ಹತ್ತಿ ಗೋದಾಮಿನಿಂದ ಹೊರಬಿದ್ದವರು ಮುಖವಾಡ ಕಳಚುತ್ತ ಒಬ್ಬರನ್ನೊಬ್ಬರು ನೋಡಿಕೊಂಡರು. ಮೀಸೆಯವನಿದ್ದ, ಕುಳ್ಳನಿದ್ದ, ಏಣಿ ಹಿಡಿಯುವವನೂ ಇದ್ದ. "ಬಂದ್ವಿ ಸಾರ್," ಎಂದರು. ಆ ಅಗ್ನಿಶಾಮಕ ಠಾಣೆಯಲ್ಲಿ ತಲೆ ಎಣಿಸುವ ರೂಢಿಯಿರಲಿಲ್ಲ. ಹೀಗೆ ಕೂಗುವುದು, ಹೀಗೆ ಓಗೊಡುವುದು, ಅಷ್ಟೇ. ಒಳಗಿನ್ನು ಯಾರೂ ಇಲ್ಲವೆಂದು ಬಾಗಿಲಿಗೇ ನೀರು ಬಿಟ್ಟರು; ಆ ದಾರಿ ಮುಚ್ಚಿತು.

ಅವಳು ಒಳಗಿದ್ದಳು. ಠಾಣೆಗೆ ಸೇರಿದ ಮೊದಲ ಹೆಂಗಸು. ಕೂಗು ಅವಳಿಗೂ ಕೇಳಿಸಿತ್ತು, ಓಗೊಟ್ಟೂ ಇದ್ದಳು. ಆದರೆ ಅಷ್ಟರಲ್ಲಿ ಹೊರಗಿನವರ ಉತ್ತರ ಮುಗಿದಿತ್ತು. ಹಿಂಬದಿಯ ಕಿಟಕಿಯನ್ನು ಕೊಡಲಿಯಿಂದ ಒಡೆದು, ಅಂಗೈ ಸೀಳಿಕೊಂಡು, ಗೋಡೆ ಬಳಸಿ ಬಂದು ನಿಂತಾಗ ಮೀಸೆಯವನ ಕೈಯಿಂದ ಕೊಳವೆ ಜಾರಿತು.

ಮರುದಿನ ಬೆಳಿಗ್ಗೆ ಯಾರೂ ಅವಳನ್ನು ದಿನದ ಹಾಗೆ "ಏನ್ ತಮ್ಮಾ, ಮೀಸೆ ಇನ್ನೂ ಬರ್ಲಿಲ್ವಾ" ಎಂದು ಛೇಡಿಸಲಿಲ್ಲ. ಅಧಿಕಾರಿ ತಾವೇ ಕೂತು ಅವಳ ಕೈಗೆ ಹೊಸ ಪಟ್ಟಿ ಕಟ್ಟಿದರು.

"ಬೇಕಂತ ಬಿಟ್ಟಿದ್ದಲ್ಲಮ್ಮ."

"ಗೊತ್ತು ಸಾರ್. ಅದಕ್ಕೇ ಭಯ."

"ಅಣ್ಣಂದಿರು ಅಂದ್ರೆ ನೀನೂ ಸೇರಿದ ಹಾಗೇ. ನಿನ್ನ ಬೇರೆ ಅಂತ ಯಾವತ್ತಾದ್ರೂ ನೋಡಿದೀನಾ?"

"ಕೊಳವೆ ಹೊರೋವಾಗ ಸೇರಿದ್ದೆ. ನಿನ್ನೆ ಮುಖ ಮುಖ ನೋಡ್ಕೊಂಡಾಗ ಯಾರಿಗೂ ನೆನಪಾಗ್ಲಿಲ್ಲ. ಇನ್ಮೇಲೆ ಹೆಸರು ಹಿಡಿದು ಕೂಗಿ ಸಾರ್. ಮುಂದಿನ ಸಲ ಕಿಟಕಿ ಇರತ್ತೋ ಇಲ್ವೋ."

"ನನ್ನ ಗುರುಗಳ ಕಾಲದ ಕೂಗು ಅದು. ಒಬ್ಬರಿಗೋಸ್ಕರ ಬದಲಾಯಿಸೋಕಾಗುತ್ತಾ?" ಅವರು ನಿಧಾನವಾಗಿ ಗಂಟು ಹಾಕಿದರು. ನೋಯದಂತೆ ಹಾಕಿದರು.

ಹೊರಗೆ ಹೊಸಬರು ಸಾಲಾಗಿ ನಿಂತಿದ್ದರು. ದಿನವೂ ಕೆಲಸಕ್ಕೆ ಮುಂಚೆ ಒಬ್ಬರು ಹೇಳಿಕೊಟ್ಟು ಉಳಿದವರು ಹೇಳುವ ಪದ್ಯವೊಂದಿತ್ತು: ಒಳಹೊಕ್ಕ ಅಣ್ಣನ ಕೈಯ ಬಿಡೆವು, ಹೊಗೆಯಲ್ಲು ಅವನ ದನಿಯ ಮರೆಯೆವು. ಅಜ್ಜಿಯ ಪಾರಾಯಣ ಕೇಳುತ್ತ ಬೆಳೆದವಳು ಅವಳು. ಸೇರಿದಂದಿನಿಂದ ಹೇಳಿಕೊಡುವುದು ಅವಳ ಪಾಲಿಗೇ ಬಂದಿತ್ತು; ಅವಳ ಗಂಟಲಲ್ಲಿ ಆ ಸಾಲುಗಳು ದೇವರ ಪದದಂತೆ ಏಳುತ್ತಿದ್ದವು. ಎಲ್ಲರನ್ನೂ ಛೇಡಿಸುವ ಕುಳ್ಳನೂ ಆಗ ತುಟಿಪಿಟಕ್ಕೆನ್ನುತ್ತಿರಲಿಲ್ಲ.

"ನಡಿಯಮ್ಮ," ಎಂದರು ಅಧಿಕಾರಿ. "ಮೊದಲನೇ ದಿನ ಅವರಿಗೆ. ನಿನ್ನ ಬಾಯಲ್ಲಿ ಕೇಳಿದ್ರೆ ಮನಸ್ಸಿಗೆ ನಾಟುತ್ತೆ. ಹೇಳಿಕೊಡು."

ಅವಳು ಕಿಟಕಿಯಾಚೆ ನೋಡಿದಳು. ಹೊಸಬರಲ್ಲಿ ಒಬ್ಬ ದೊಗಲೆ ಶಿರಸ್ತ್ರಾಣವನ್ನು ಮತ್ತೆ ಮತ್ತೆ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದ.

"ಇಲ್ಲ ಸಾರ್. ಹೇಳಿಕೊಡಲ್ಲ."